ಬಳಸದೆ ಹೋದ ಕೈ

ಲಕ್ವ ಹೊಡೆದು ಆರು ತಿಂಗಳಾದರೂ ಕೈ ಏಳದಿದ್ದರೆ, ಅದನ್ನು ನಡೆಸುತ್ತಿದ್ದ ಮೆದುಳಿನ ಭಾಗ ಸತ್ತುಹೋಗಿದೆ ಎಂದು ಮನೆಯವರು ಕೈಚೆಲ್ಲುತ್ತಾರೆ. ಕಾರಣ ನಿಜವೇ, ಆದರೆ ಪೂರ್ತಿಯಲ್ಲ. ಕೈ ಸುಮ್ಮನಿರುವುದರಲ್ಲಿ ಒಂದು ಪಾಲು ಗಾಯದ್ದು, ಇನ್ನೊಂದು ಪಾಲು ಕಲಿಕೆಯದ್ದು. ಈ ಎರಡನೆಯ ಪಾಲನ್ನು ಗುರುತಿಸಿದವರು ಅಮೆರಿಕದ ಮನಶ್ಶಾಸ್ತ್ರಜ್ಞ ಎಡ್ವರ್ಡ್ ಟಾಬ್. ಗಾಯವನ್ನು ಅಳಿಸಲಾಗದಿದ್ದರೂ ಕಲಿತದ್ದನ್ನು ಬಿಡಿಸಬಹುದು ಎಂಬುದೇ ಅವರ ಚಿಕಿತ್ಸೆಯ ತಿರುಳು.

1895ರಲ್ಲಿ ಇಂಗ್ಲೆಂಡಿನ ಮಾಟ್ ಮತ್ತು ಶೆರಿಂಗ್ಟನ್ ಕೋತಿಗಳ ಒಂದು ಕೈಯಿಂದ ಬೆನ್ನುಹುರಿಗೆ ಸಂವೇದನೆ ಒಯ್ಯುವ ನರಗಳನ್ನಷ್ಟೇ ಕತ್ತರಿಸಿದ್ದರು. ಸ್ನಾಯುಗಳಿಗೆ ಆಜ್ಞೆ ತರುವ ನರಗಳು ಹಾಗೇ ಇದ್ದವು. ಆದರೂ ಕೋತಿಗಳು ಆ ಕೈಯನ್ನು ಬಳಸುವುದನ್ನೇ ಬಿಟ್ಟವು. ಸಂವೇದನೆ ಇಲ್ಲದೆ ಉದ್ದೇಶಪೂರ್ವಕ ಚಲನೆ ಇಲ್ಲ ಎಂಬ ತೀರ್ಮಾನ ಅಲ್ಲಿಂದ ಬಹುಕಾಲ ನಿಂತಿತು. ಟಾಬ್ ಇದೇ ಪ್ರಯೋಗವನ್ನು ಮತ್ತೆ ಮಾಡಿ ಒಂದು ಹೆಜ್ಜೆ ಮುಂದೆ ಹೋದರು: ಸರಿಯಿದ್ದ ಕೈಯನ್ನು ಕಟ್ಟಿಹಾಕಿದರು. ಆಗ ಕೋತಿ ನಿರುಪಯುಕ್ತ ಎನಿಸಿಕೊಂಡಿದ್ದ ಕೈಯನ್ನೇ ಚಾಚಿ ಆಹಾರ ಹಿಡಿಯಿತು. ಕೆಲವು ದಿನಗಳ ನಂತರ ಕಟ್ಟು ಬಿಚ್ಚಿದರೂ ಬಳಕೆ ಉಳಿಯಿತು.

ಅವರ ವಿವರಣೆ ಹೀಗೆ. ಗಾಯವಾದ ಹೊಸತರಲ್ಲಿ ನರಮಂಡಲ ಮಂಕಾಗಿರುತ್ತದೆ. ಆ ಕೈಯಿಂದ ಏನು ಹಿಡಿಯಹೋದರೂ ಜಾರುತ್ತದೆ, ಊರಿದರೆ ಬೀಳುವಂತಾಗುತ್ತದೆ. ಇನ್ನೊಂದು ಕೈಯಿಂದ ಕೆಲಸ ಸಲೀಸು. ಪ್ರತಿ ಸೋಲು ಒಂದು ಶಿಕ್ಷೆ, ಪ್ರತಿ ಗೆಲುವು ಒಂದು ಬಹುಮಾನ. ವಾರಗಳು ಕಳೆದು ನರಮಂಡಲ ಒಂದಿಷ್ಟು ಚೇತರಿಸಿಕೊಳ್ಳುವ ಹೊತ್ತಿಗೆ, ಬಳಸದಿರುವುದು ರೂಢಿಯಾಗಿ ಬೇರೂರಿರುತ್ತದೆ. ಇರುವ ಶಕ್ತಿಯೂ ಉಪಯೋಗಕ್ಕೆ ಬರುವುದಿಲ್ಲ.

ಈ ಜ್ಞಾನಕ್ಕೆ ತೆತ್ತ ಬೆಲೆಯನ್ನು ಹೇಳದೆ ಮುಂದೆ ಹೋಗಲಾರೆ. 1981ರಲ್ಲಿ ಮೇರಿಲ್ಯಾಂಡಿನ ಸಿಲ್ವರ್ ಸ್ಪ್ರಿಂಗ್‌ನಲ್ಲಿದ್ದ ಟಾಬ್ ಅವರ ಪ್ರಯೋಗಾಲಯದ ಮೇಲೆ ಪೊಲೀಸರು ದಾಳಿ ಮಾಡಿ 17 ಕೋತಿಗಳನ್ನು ವಶಕ್ಕೆ ಪಡೆದರು. ಪ್ರಾಣಿಹಿಂಸೆಯ ಆರೋಪದಲ್ಲಿ ಅವರಿಗಾದ ಶಿಕ್ಷೆ ಮೇಲ್ಮನವಿಯಲ್ಲಿ ಉಳಿಯಲಿಲ್ಲ. ಆದರೆ ಆ ಪ್ರಕರಣ ಎಬ್ಬಿಸಿದ ಆಕ್ರೋಶ 1985ರಲ್ಲಿ ಅಮೆರಿಕದ ಪ್ರಾಣಿ ಕಲ್ಯಾಣ ಕಾಯ್ದೆಯನ್ನು ಬಿಗಿಗೊಳಿಸುವುದಕ್ಕೆ ಒಂದು ಕಾರಣವಾಯಿತು. ಇಂದು ಒಬ್ಬ ರೋಗಿ ತನ್ನ ಕೈಯಿಂದ ಲೋಟ ಎತ್ತುವುದರಲ್ಲಿ ಆ ಮೂಕಪ್ರಾಣಿಗಳ ನೋವಿನ ಋಣವಿದೆ ಎಂದೇ ನನ್ನ ಭಾವನೆ.

ಮುಂದೆ ಟಾಬ್ ಬರ್ಮಿಂಗ್‌ಹ್ಯಾಮಿನ ಅಲಬಾಮಾ ವಿಶ್ವವಿದ್ಯಾಲಯಕ್ಕೆ ಹೋದರು. ಈ ತತ್ವವನ್ನು ಮನುಷ್ಯರ ಚಿಕಿತ್ಸೆಯಾಗಿ ಅವರು ಬೆಳೆಸಿದ್ದು ಅಲ್ಲಿ. ಸರಿಯಿರುವ ಕೈಗೆ ದಪ್ಪನೆಯ ಗವಸು ತೊಡಿಸುತ್ತಾರೆ. ಎಚ್ಚರವಿರುವ ಸಮಯದ ಶೇ 90ರಷ್ಟು ಅದು ಕೈಯಲ್ಲಿರಬೇಕು, ನೀರಿನ ಕೆಲಸಕ್ಕೆ ಅಥವಾ ಬೀಳುವ ಅಪಾಯ ಇರುವಲ್ಲಿ ಮಾತ್ರ ತೆಗೆಯಬಹುದು. ಎರಡು ವಾರ, ದಿನಕ್ಕೆ ಹಲವು ಗಂಟೆ, ಸೋತ ಕೈಗೆ ಅಭ್ಯಾಸ. ಕೆಲಸವನ್ನು ಚೂರುಚೂರಾಗಿ ಕಷ್ಟಗೊಳಿಸುತ್ತ ಹೋಗುತ್ತಾರೆ. ಎಲ್ಲರ ಕಣ್ಣು ಗವಸಿನ ಮೇಲಿದ್ದರೂ ನನಗೆ ಮುಖ್ಯವೆನಿಸುವುದು ಬೇರೆ: ಮನೆಯಲ್ಲಿ ಆ ಕೈಯಿಂದ ಏನೇನು ಮಾಡುತ್ತೇನೆಂದು ರೋಗಿ ಬರೆದುಕೊಡುವ ಒಪ್ಪಂದ, ದಿನಚರಿ, ಮರುದಿನದ ವಿಚಾರಣೆ. ಚಿಕಿತ್ಸಾ ಕೊಠಡಿಯಲ್ಲಿ ಗಳಿಸಿದ್ದು ಅಡುಗೆಮನೆಗೂ ಬಚ್ಚಲಿಗೂ ಬರುವುದು ಹೀಗೆ.

ಇದರ ದೊಡ್ಡ ಪರೀಕ್ಷೆಯ ಫಲಿತಾಂಶ 2006ರಲ್ಲಿ ಪ್ರಕಟವಾಯಿತು. ಸ್ಟ್ರೋಕ್ ಆಗಿ 3ರಿಂದ 9 ತಿಂಗಳಾಗಿದ್ದ 222 ಜನರಲ್ಲಿ, ಈ ಚಿಕಿತ್ಸೆ ಪಡೆದವರ ಕೈ ಮಾಮೂಲಿ ಆರೈಕೆಯಲ್ಲಿದ್ದವರಿಗಿಂತ ಹೆಚ್ಚು ಸುಧಾರಿಸಿತ್ತು. ಲಾಭ ಒಂದು ವರ್ಷದ ನಂತರವೂ ಕಂಡಿತು. ಮೆದುಳಿನಲ್ಲೂ ಗುರುತು ಸಿಕ್ಕಿದೆ. ತಲೆಯ ಹೊರಗಿನಿಂದ ಕಾಂತೀಯ ಮಿಡಿತ ಕೊಟ್ಟು ನೋಡಿದಾಗ, ಆ ಕೈಯ ಸ್ನಾಯುವನ್ನು ಅಲುಗಿಸುವ ಪ್ರದೇಶ ಅಭ್ಯಾಸದ ನಂತರ ಹಿಗ್ಗಿದ್ದನ್ನು 2000ದಲ್ಲಿ ಸಂಶೋಧಕರು ವರದಿ ಮಾಡಿದರು. ಆದರೆ ಇದು ಎಲ್ಲರಿಗೂ ಅಲ್ಲ. ಮಣಿಕಟ್ಟನ್ನೂ ಬೆರಳುಗಳನ್ನೂ ಸ್ವಲ್ಪವಾದರೂ ಹಿಂದಕ್ಕೆ ಎತ್ತಬಲ್ಲವರನ್ನು ಮಾತ್ರ ಆ ಪರೀಕ್ಷೆಗೆ ಸೇರಿಸಿಕೊಂಡಿದ್ದರು. ಕೈ ಪೂರ್ತಿ ಸ್ತಬ್ಧವಾದವರಿಗೆ ಗವಸು ತೊಡಿಸುವುದು ಬರೀ ಹಿಂಸೆ.

ಪ್ರಶ್ನೆ ಕೊನೆಗೂ ಅಭ್ಯಾಸದ ಪ್ರಮಾಣಕ್ಕೆ ಬಂದು ನಿಲ್ಲುತ್ತದೆ. ಅಮೆರಿಕ ಮತ್ತು ಕೆನಡಾದ ಚಿಕಿತ್ಸಾ ಕೇಂದ್ರಗಳಲ್ಲಿ ಕುಳಿತು ಎಣಿಸಿದವರಿಗೆ, ಕೈಯ ಉಪಯುಕ್ತ ಚಲನೆಯ ಅಭ್ಯಾಸ ನಡೆದ ಒಂದು ಸರದಿಯಲ್ಲಿ ಸಿಕ್ಕಿದ್ದು ಸರಾಸರಿ 32 ಆವರ್ತನೆ. ಪ್ರಾಣಿಗಳ ಮೆದುಳು ಬದಲಾಗಲು ಬೇಕಾದದ್ದು ದಿನಕ್ಕೆ ನೂರಾರು. ಹಾಗೆಂದು ಮೊದಲ ದಿನವೇ ಮುಗಿಬೀಳುವಂತಿಲ್ಲ. 2015ರಲ್ಲಿ ಪ್ರಕಟವಾದ, 2104 ರೋಗಿಗಳ ಅಧ್ಯಯನವೊಂದರಲ್ಲಿ ಸ್ಟ್ರೋಕ್ ಆದ 24 ಗಂಟೆಯೊಳಗೆ ಹಾಸಿಗೆಯಿಂದ ಎಬ್ಬಿಸಿ ಪದೇ ಪದೇ ನಡೆದಾಡಿಸಿದವರ ಸ್ಥಿತಿ ಮೂರು ತಿಂಗಳ ನಂತರ ಉಳಿದವರಷ್ಟು ಚೆನ್ನಾಗಿರಲಿಲ್ಲ.

ಇಷ್ಟು ಗಂಟೆಗಳ ಫಿಸಿಯೋಥೆರಪಿ ನಮ್ಮಲ್ಲಿ ಎಷ್ಟು ಜನರಿಗೆ ದಕ್ಕೀತು? ಮನೆಯವರಿಗೇ ತರಬೇತಿ ಕೊಟ್ಟರೆ ಸಾಕಾದೀತೇ ಎಂದು ಭಾರತದ 14 ಆಸ್ಪತ್ರೆಗಳ 1250 ರೋಗಿಗಳಲ್ಲಿ ಪರೀಕ್ಷಿಸಿದರು. 2017ರಲ್ಲಿ ಬಂದ ಫಲಿತಾಂಶ ನಿರಾಶೆಯದು: ಆರು ತಿಂಗಳಲ್ಲಿ ತೀರಿಕೊಂಡವರು ಅಥವಾ ಪರಾವಲಂಬಿಗಳಾಗಿ ಉಳಿದವರು ಎರಡೂ ಗುಂಪಿನಲ್ಲಿ ಶೇ 47. ನುರಿತ ಚಿಕಿತ್ಸಕರ ಕೆಲಸವನ್ನು ಮನೆಯವರ ಹೆಗಲಿಗೆ ದಾಟಿಸಿ ಸರ್ಕಾರ ನಿರಾಳವಾಗುವಂತಿಲ್ಲ ಎಂದೇ ನಾನು ಇದನ್ನು ಓದುತ್ತೇನೆ. ತಾಲ್ಲೂಕು ಆಸ್ಪತ್ರೆಗಳಲ್ಲಿ ಫಿಸಿಯೋಥೆರಪಿಸ್ಟರು ಇರಲೇಬೇಕು.

ಆದರೂ ಮನೆಯವರು ಮಾಡುವ ಒಂದು ತಪ್ಪನ್ನು ತಡೆಯಬಹುದು. ಬಲಗೈ ಸೋತವರಿಗೆ ಎಡಗೈಯಲ್ಲಿ ಉಣ್ಣಲು ಸಂಕೋಚ. ಬಲಗೈಯಲ್ಲಿ ಕಲಸಿದರೆ ಅನ್ನ ಚೆಲ್ಲುತ್ತದೆ. ಹಾಗಾಗಿ ಮಗಳೋ ಸೊಸೆಯೋ ಪಕ್ಕದಲ್ಲಿ ಕೂತು ತುತ್ತು ಕೊಡುತ್ತಾರೆ. ಅಂಗಿಯ ಗುಂಡಿ ಹಾಕುತ್ತಾರೆ, ತಲೆ ಬಾಚುತ್ತಾರೆ. ಎಲ್ಲವೂ ಪ್ರೀತಿಯಿಂದ, ಆದರೆ ಆ ಕೈಗೆ ಸಿಗಬೇಕಿದ್ದ ಅಭ್ಯಾಸವೆಲ್ಲ ಹೀಗೆ ಕೈತಪ್ಪುತ್ತದೆ. ನುಂಗಲು ತೊಂದರೆಯಿಲ್ಲ, ಕೂರಲು ಬರುತ್ತದೆ, ಬೆರಳು ಅಲುಗುತ್ತಿವೆ ಎಂದಾದರೆ ಮೊದಲ ನಾಲ್ಕು ತುತ್ತು ಅವರೇ ತಿನ್ನಲಿ, ದಣಿದ ಮೇಲೆ ನೀವು ತಿನ್ನಿಸಿ. ಬಿಸಿ ಸಾರು, ಕಾಫಿ ಮಾತ್ರ ಆ ಕೈಗೆ ಕೊಡಬೇಡಿ. ಮುಂದಿನ ವಾರ ನಾಲ್ಕರ ಬದಲು ಆರು ತುತ್ತು ಮಾಡಬಹುದೇ ಎಂದು ಫಿಸಿಯೋಥೆರಪಿಸ್ಟರನ್ನು ಕೇಳಿ.