ನಿಮಗಿದು ಗೊತ್ತೆ? ಬೇಳೆ ಬೇಯದ ನೀರು, ಕೂಸಿಗೆ ತುರಿಕೆ!

ತೊಗರಿಬೇಳೆ ಬೇಗ ಬೇಯಲು ಬಿಡದ ಗಡಸು ನೀರು ಎಳೆ ಮಕ್ಕಳ ಚರ್ಮಕ್ಕೂ ಅಷ್ಟಾಗಿ ಒಗ್ಗದು! ಆಳಂದ, ಅಫಜಲಪುರ, ಜೇವರ್ಗಿ ಕಡೆ ಹಲವು ಬೋರ್‌ವೆಲ್‌ಗಳ ನೀರು ಇಂಥದ್ದೇ. ಅದರಲ್ಲಿನ ಕ್ಯಾಲ್ಸಿಯಂ ಸೋಪಿನ ಜೊತೆ ಸೇರಿದರೆ ನೊರೆ ಬರುವ ಬದಲು ಜಿಗುಟು ಗಸಿಯಾಗುತ್ತದೆ. ಎರಡು ತಂಬಿಗೆ ಹೆಚ್ಚು ಹೊಯ್ದರೂ ಮೊಣಕೈ, ಮೊಣಕಾಲ ಮಡಿಕೆಯಲ್ಲಿ ಅದು ಉಳಿದುಬಿಡಬಹುದು. ಚರ್ಮ ಒಣಗುತ್ತದೆ, ಇಸುಬು ಇರುವ ಕೂಸಿಗೆ ತುರಿಕೆ ಹೆಚ್ಚಬಹುದು.

ಹಾಗಂತ ನೀರು ಮೆದುವಾಗಿಸುವ ಯಂತ್ರ ತರಲು ಓಡಬೇಡಿ. ಇಂಗ್ಲೆಂಡಿನಲ್ಲಿ ಇಸುಬು ಇದ್ದ 336 ಮಕ್ಕಳ ಮೇಲೆ ನಡೆದು, 2011ರಲ್ಲಿ ಪ್ರಕಟವಾದ ಪ್ರಯೋಗದಲ್ಲಿ ಅದರಿಂದ ಹೇಳಿಕೊಳ್ಳುವಂಥ ಲಾಭವೇನೂ ಕಾಣಲಿಲ್ಲ. ಸೋಪು ಕಡಿಮೆ ಮಾಡಿ, ಸ್ನಾನದ ನಂತರ ಮೈಯ ಪಸೆ ಆರುವ ಮೊದಲೇ ವ್ಯಾಸಲಿನ್ ಸವರುವುದು ಅದಕ್ಕಿಂತ ಅಗ್ಗ.