ಪೇಟಿ ಕೊಳ್ಳುವ ಮುನ್ನ ತಿದಿಯನ್ನು ಕೇಳಿ

ರಾಯಬಾಗ, ಅಥಣಿ ಕಡೆ ಕಬ್ಬಿನ ವ್ಯವಹಾರವನ್ನು ಮಕ್ಕಳಿಗೆ ಬಿಟ್ಟುಕೊಟ್ಟವರು, ಚಿಕ್ಕೋಡಿಯಲ್ಲಿ ನಿವೃತ್ತರಾದ ಮಾಸ್ತರರು, ನಿಪ್ಪಾಣಿಯ ತಂಬಾಕು ಪೇಟೆಯಿಂದ ಬಿಡುವಾದವರು ಅರವತ್ತು ದಾಟಿದ ಮೇಲೆ ಹಾರ್ಮೋನಿಯಂ ಕಲಿಯಲು ಮನಸ್ಸು ಮಾಡುವುದುಂಟು. ಭಜನಾ ಮೇಳದಲ್ಲಿ ವರ್ಷಗಟ್ಟಲೆ ತಾಳ ಹಾಕಿ ಪದಗಳೆಲ್ಲ ಬಾಯಿಗೆ ಬಂದಿರುತ್ತವೆ, ಕೈಗೆ ಬರುವುದಷ್ಟೇ ಬಾಕಿ. ಇಲ್ಲಿನವರು ಪೇಟಿ ಎನ್ನುವ ಈ ವಾದ್ಯವನ್ನು ಕೊಳ್ಳಲು ಬೆಳಗಾವಿಗೋ ಕೊಲ್ಹಾಪುರಕ್ಕೋ ಮೀರಜಕ್ಕೋ ಹೋದಾಗ ಮೊದಲು ಕಣ್ಣು ಹರಿಯುವುದು ಮರದ ಪಾಲಿಶಿನ ಮೇಲೆ. ಆದರೆ ಪೇಟಿ ಗಾಳಿಯ ಯಂತ್ರ. ಕೊಳ್ಳುವಾಗಲೂ ಕಲಿಯುವಾಗಲೂ ಗಾಳಿಯಿಂದಲೇ ಶುರು ಮಾಡಬೇಕು.

ಒಳಗೆ ನಡೆಯುವುದು ಇಷ್ಟು. ಹಿಂದಿನ ತಿದಿಯನ್ನು ಎಡಗೈಯಿಂದ ಒತ್ತಿದಾಗ ಗಾಳಿ ನೇರವಾಗಿ ಸ್ವರಕ್ಕೆ ಹೋಗುವುದಿಲ್ಲ. ಒಳಗೆ ಇನ್ನೊಂದು ತಿದಿಯಿದೆ, ಅದರ ಮೇಲೆ ಉಕ್ಕಿನ ಸ್ಪ್ರಿಂಗುಗಳು ಕೂತಿವೆ. ಗಾಳಿ ಮೊದಲು ಅಲ್ಲಿ ತುಂಬುತ್ತದೆ, ಸ್ಪ್ರಿಂಗುಗಳು ಅದನ್ನು ಹದವಾದ ಒತ್ತಡದಲ್ಲಿ ಹೊರಗೆ ದಬ್ಬುತ್ತವೆ. ಪಟ್ಟಿ ಒತ್ತಿದರೆ ಕವಾಟ ತೆರೆದು ಗಾಳಿ ಒಂದು ಹಿತ್ತಾಳೆ ರೀಡಿನ ಮೂಲಕ ಹಾಯುತ್ತದೆ. ರೀಡ್ ಎಂದರೆ ಸಣ್ಣ ಚೌಕಟ್ಟು. ಅದರ ಸೀಳಿನ ಮೇಲೆ ಒಂದು ತುದಿ ಮಾತ್ರ ರಿವೆಟ್ ಆದ ತೆಳು ನಾಲಿಗೆ, ಇನ್ನೊಂದು ತುದಿ ಕೂದಲೆಳೆಯಷ್ಟು ಮೇಲಕ್ಕೆದ್ದಿರುತ್ತದೆ. ಗಾಳಿ ನಾಲಿಗೆಯನ್ನು ಸೀಳಿನೊಳಗೆ ತಳ್ಳುತ್ತದೆ, ದಾರಿ ಮುಚ್ಚುತ್ತದೆ, ನಾಲಿಗೆ ಸೆಟೆದು ಮರಳುತ್ತದೆ, ದಾರಿ ತೆರೆಯುತ್ತದೆ. ಮಧ್ಯ ಸಪ್ತಕದ ಬಿಳಿ ಒಂದರಲ್ಲಿ, ಅಂದರೆ ಆ ಸಪ್ತಕದ ಮೊದಲ ಬಿಳಿ ಪಟ್ಟಿಯಲ್ಲಿ, ಇದು ಸೆಕೆಂಡಿಗೆ ಸುಮಾರು 262 ಸಲ ನಡೆಯುತ್ತದೆ. ಕೊಳಲಿನಲ್ಲಿ ಸ್ವರವನ್ನು ತೀರ್ಮಾನಿಸುವುದು ಕೊಳವೆಯೊಳಗಿನ ಗಾಳಿಯ ಉದ್ದ, ಪೇಟಿಯಲ್ಲಿ ನಾಲಿಗೆಯ ಉದ್ದ ಮತ್ತು ದಪ್ಪ. ಗುಜರಾತಿನ ಪಾಲಿತಾಣ ಈ ರೀಡುಗಳಿಗೆ ಹೆಸರಾದ ಊರು.

ಇದೇ ಬಗೆಯ ನಾಲಿಗೆಯಿಂದಲೇ ಯುರೋಪಿನ ಕನ್ಸರ್ಟಿನಾ ಕೂಡ ಹಾಡುತ್ತದೆ. ಅದನ್ನು ರೂಪಿಸಿದವರು ಪಿಯುಸಿ ಭೌತವಿಜ್ಞಾನದಲ್ಲಿ ವ್ಹೀಟ್‌ಸ್ಟೋನ್ ಸೇತುವೆಯಿಂದ ಪರಿಚಿತರಾದ ಚಾರ್ಲ್ಸ್ ವ್ಹೀಟ್‌ಸ್ಟೋನ್. ಎರಡು ಅಂಗೈಗಳ ನಡುವೆ ಹಿಡಿಯುವ ಆ ಪುಟ್ಟ ವಾದ್ಯದಲ್ಲಿ ಒಳತಿದಿ ಇಲ್ಲ. ಎಳೆತ ಒತ್ತಾಗಿ ಬದಲಾಗುವ ಕ್ಷಣವೆಲ್ಲ ಸ್ವರದಲ್ಲಿ ಕೇಳುತ್ತದೆ, ಬೆರಳು ಮತ್ತು ತಿದಿ ಎರಡನ್ನೂ ಅದೇ ಕೈಗಳು ನೋಡಿಕೊಳ್ಳಬೇಕು. ಪ್ಯಾರಿಸಿನ ಡೆಬೇನ್ 1840ರ ದಶಕದಲ್ಲಿ ಪೇಟೆಂಟ್ ಪಡೆದ ಹಾರ್ಮೋನಿಯಂ ಕಾಲಿನಿಂದ ತುಳಿಯುವಂಥದು. ಕೊಲ್ಕತ್ತದ ದ್ವಾರಕಾನಾಥ ಘೋಷ್ ಅದನ್ನು ನೆಲದ ಮೇಲೆ ಕೂತು ಕೈಯಿಂದ ನುಡಿಸುವಂತೆ ಮಾಡಿದರು. ಬಲಗೈಗೆ ಪಟ್ಟಿ, ಎಡಗೈಗೆ ತಿದಿ: ವಯಸ್ಸಾದವರಿಗೆ ಈ ಕೆಲಸ ಹಂಚಿಕೆ ದೊಡ್ಡ ಅನುಕೂಲ. ಕಿವಿಯ ದೃಷ್ಟಿಯಿಂದಲೂ ಪೇಟಿ ಹಿರಿಯರಿಗೆ ಒಗ್ಗುತ್ತದೆ. ವಯಸ್ಸಿನೊಂದಿಗೆ ಮೊದಲು ಕುಗ್ಗುವುದು ಕೀಚಲು ಸ್ವರಗಳ ಶ್ರವಣ. ಮೂರೂವರೆ ಸಪ್ತಕದ ಪೇಟಿಯ ನರ್, ಅಂದರೆ ಮಧ್ಯಮ ಶ್ರುತಿಯ, ರೀಡುಗಳ ಮೂಲಸ್ವರಗಳು ಸುಮಾರು 130ರಿಂದ 1,400 ಹರ್ಟ್ಸ್ ಒಳಗೇ ಇರುತ್ತವೆ.

ಅಂಗಡಿಯಲ್ಲಿ ಹೀಗೆ ಮಾಡಿ. ಮುಂಭಾಗದ ಒಂದು ಗುಂಡಿ, ಅಂದರೆ ಸ್ಟಾಪರ್, ಎಳೆದು ತಿದಿ ತುಂಬಾ ಗಾಳಿ ಹಾಕಿ, ಯಾವ ಪಟ್ಟಿಯನ್ನೂ ಮುಟ್ಟದೆ ಕಿವಿ ಕೊಡಿ. ಸುಯ್ ಎನ್ನುವ ಸದ್ದು ಬಂದರೆ ಸೋರಿಕೆಯಿದೆ. ತುಸು ಹೊತ್ತು ಬಿಟ್ಟು ತಿದಿ ಮುಟ್ಟದೆಯೇ ಒಂದು ಪಟ್ಟಿ ಒತ್ತಿ: ಸ್ವರ ಬಂದರೆ ಒಳತಿದಿ ಗಾಳಿ ಹಿಡಿದಿದೆ. ಮತ್ತೆ ತುಂಬಿಸಿ, ಮಧ್ಯದ ಒಂದು ಪಟ್ಟಿಯನ್ನು ಒತ್ತಿ ಹಿಡಿದು ಅದು ಎಷ್ಟು ಹೊತ್ತು ಹಾಡುತ್ತದೆಂದು ಎಣಿಸಿ, ಪಕ್ಕದ ಪೇಟಿಯ ಜೊತೆ ಹೋಲಿಸಿ. ಕೊನೆಗೆ ತೀರ ಮೆಲ್ಲಗೆ ಗಾಳಿ ಹಾಕುತ್ತ ಕೆಳಗಿನ ಪಟ್ಟಿಯಿಂದ ಮೇಲಿನವರೆಗೆ ಒಂದೊಂದಾಗಿ ಒತ್ತಿ. ಒಳ್ಳೆಯ ರೀಡ್ ಅಷ್ಟರಲ್ಲೇ ಏಳುತ್ತದೆ, ಕೆಟ್ಟದ್ದು ಜೋರು ಗಾಳಿಗೆ ಕಾಯುತ್ತದೆ. ಎರಡು ಸಾಲು ರೀಡಿನ ಪೇಟಿ, ಒಂದು ಖರಜ್ ಎಂಬ ತಗ್ಗಿನ ಸಾಲು, ಒಂದು ನರ್, ಸಾಕು. ಎರಡೂ ಸಾಲು ಒಟ್ಟಿಗೆ ನುಡಿದಾಗ ಧ್ವನಿ ಅಲೆಅಲೆಯಾಗಿ ತೂಗಿದರೆ ಟ್ಯೂನಿಂಗ್ ತಪ್ಪಿದೆ ಎಂದರ್ಥ. ಷಡ್ಜ ಬದಲಿಸಲು ಪಟ್ಟಿಗಳ ಸಾಲನ್ನೇ ಸರಿಸುವ ಸ್ಕೇಲ್ ಚೇಂಜರ್ ಬೇಡ ಎನ್ನುತ್ತೇನೆ. ಅದು ಭಾರ ಹೆಚ್ಚು, ಜಾರುವ ಭಾಗಗಳೂ ಹೆಚ್ಚು. ಮನೆಯಲ್ಲಿ ಕಲಿಯುವವರು ತಮ್ಮ ಗಂಟಲಿಗೆ ಹೊಂದುವ ಒಂದೇ ಪಟ್ಟಿ, ಕರಿ ಒಂದೋ ಬಿಳಿ ನಾಲ್ಕೋ, ಹಿಡಿದು ಕೂತರೆ ಸಾಕು.

ಕಲಿಕೆಯಲ್ಲಿ ಎಡಗೈಗೆ ಮೊದಲ ಪಾಠ. ಹೊಸಬರು ಪ್ರತಿ ಸ್ವರಕ್ಕೂ ಒಂದೊಂದು ಸಲ ತಿದಿ ಬಡಿಯುತ್ತಾರೆ, ಹಾಡು ಕುಕ್ಕಿದಂತಾಗುತ್ತದೆ. ಮೊದಲ ಕೆಲವು ದಿನ ಬರೀ ಷಡ್ಜ ಹಿಡಿದು, ಏರಿಳಿತವಿಲ್ಲದೆ ಅದು ಹರಿಯುವಂತೆ ಗಾಳಿ ಹಾಕುವುದನ್ನು ರೂಢಿಸಿಕೊಳ್ಳಿ. ಒಳತಿದಿ ಖಾಲಿಯಾಗುವ ಮುನ್ನ ತುಂಬಿಸುವುದೇ ಇಲ್ಲಿಯ ಗುಟ್ಟು. ಆಮೇಲೆ ಷಡ್ಜ-ಪಂಚಮ, ಆಮೇಲೆ ಅಲಂಕಾರ. ಮಂಡಿನೋವಿದ್ದರೆ ಕುರ್ಚಿಯಲ್ಲಿ ಕೂತು ಪೇಟಿಯನ್ನು ತಗ್ಗಿದ ಮೇಜಿನ ಮೇಲಿಡಿ, ಮೊಣಕೈ ಮೇಲೇಳಬಾರದು.

ಪೇಟಿಗೂ ಮಿತಿಯಿದೆ. ಅದರ ಸಪ್ತಕ ಹನ್ನೆರಡು ಸಮಪಾಲು. ಬಿಳಿ ಒಂದನ್ನು ಷಡ್ಜವಾಗಿಟ್ಟರೆ ತಂಬೂರಿ ಕೊಡುವ ಶುದ್ಧ ಗಾಂಧಾರ 327 ಹರ್ಟ್ಸ್, ಪೇಟಿಯದು ಹತ್ತಿರಹತ್ತಿರ 330. ಸ್ವರದಿಂದ ಸ್ವರಕ್ಕೆ ಜಾರುವ ಮೀಂಡ್ ಅಂತೂ ಇಲ್ಲವೇ ಇಲ್ಲ. ಇಂಥ ಆಕ್ಷೇಪಗಳ ನಡುವೆ ಆಕಾಶವಾಣಿ 1940ರಲ್ಲಿ ಪೇಟಿಯನ್ನು ಹೊರಗಿಟ್ಟಿತು, 1971ರವರೆಗೆ ಬಾಗಿಲು ತೆರೆಯಲಿಲ್ಲ. ಆ ಕಾಲದಲ್ಲೂ ಪೇಟಿಯನ್ನು ಬಿಡದೆ ಬೆಳೆಸಿದವರಲ್ಲಿ ಪಂಡಿತ ರಾಮಭಾವು ಬಿಜಾಪುರೆ ದೊಡ್ಡವರು. 1917ರಲ್ಲಿ ನಮ್ಮ ಕಡೆಯದೇ ಆದ ಕಾಗವಾಡದಲ್ಲಿ ಹುಟ್ಟಿ, ಬೆಳಗಾವಿಯಲ್ಲಿ ಶ್ರೀರಾಮ ಸಂಗೀತ ವಿದ್ಯಾಲಯ ನಡೆಸಿ, ಘಟಾನುಘಟಿ ಗಾಯಕರಿಗೆ ಸಾಥ್ ಕೊಟ್ಟು 2010ರಲ್ಲಿ ತೀರಿಕೊಂಡರು. ಕಲಿಯುವವರು ಅವರ ಧ್ವನಿಮುದ್ರಣ ಹುಡುಕಿ ಕೇಳಬೇಕು. ಜಾರಲಾರದ ಸ್ವರಗಳ ವಾದ್ಯದಲ್ಲಿ ಹಾಡಿಕೆಯ ಶೈಲಿ ಹೇಗೆ ಮೂಡುತ್ತದೆ ಎಂಬುದಕ್ಕೆ ಅದಕ್ಕಿಂತ ಒಳ್ಳೆಯ ಪಾಠ ನನಗೆ ಗೊತ್ತಿಲ್ಲ.

ಮಳೆಗಾಲದಲ್ಲಿ, ಅದರಲ್ಲೂ ನಿಪ್ಪಾಣಿ ಕಡೆ, ಮರ ಉಬ್ಬಿ ಪಟ್ಟಿಗಳು ಕಚ್ಚಿಕೊಳ್ಳುತ್ತವೆ. ಪೇಟಿಯನ್ನು ಗೋಡೆಗೆ ತಾಗದಂತೆ ಎತ್ತರದಲ್ಲಿಡಿ, ಇಲಿ ತಿದಿಯ ಚರ್ಮ ಕಡಿಯದಂತೆ ನೋಡಿಕೊಳ್ಳಿ. ಒಂದು ಸ್ವರ ನಿಂತರೆ ಹೆಚ್ಚಿನ ಸಲ ನಾಲಿಗೆಯಡಿ ಧೂಳಿನ ಕಣ ಸಿಕ್ಕಿರುತ್ತದೆ, ರಿಪೇರಿಯವರು ತೆಳು ಕಾಗದ ಹಾಯಿಸಿ ತೆಗೆಯುತ್ತಾರೆ. ಶ್ರುತಿ ತಪ್ಪಿದ್ದರೆ ಮಾತ್ರ ಮನೆಯಲ್ಲಿ ಅರ ಹಿಡಿಯಬೇಡಿ. ನಾಲಿಗೆಯ ತುದಿ ಉಜ್ಜಿದರೆ ಸ್ವರ ಏರುತ್ತದೆ, ರಿವೆಟ್ ಬಳಿ ಉಜ್ಜಿದರೆ ಇಳಿಯುತ್ತದೆ, ಮತ್ತು ಎರಡು ಎಳೆ ಹೆಚ್ಚು ಉಜ್ಜಿದರೂ ಆ ರೀಡನ್ನೇ ಬದಲಿಸಬೇಕಾಗುತ್ತದೆ.