ಮೊದಲು ಯಾರ ಬಳಿಗೆ?

ಚಳ್ಳಕೆರೆ, ಮೊಳಕಾಲ್ಮೂರು ಸೀಮೆಯಲ್ಲಿ ಶೇಂಗಾ ಕೀಳುವ ದಿನಗಳಲ್ಲಿ ಹಾವು ಕಡಿದವರು ಆಸ್ಪತ್ರೆಗೆ ಬರುವುದುಂಟು. ಇಲ್ಲಿ ಸ್ಟಾಫ್ ನರ್ಸ್ ಆಗಿರುವ ನನ್ನೆದುರು ರಾತ್ರಿ ಪಾಳಿಯಲ್ಲಿ ಒಮ್ಮೆಲೇ ಮೂವರು ಬಂದರೆನ್ನಿ: ಕೈ ಮುರಿದು ಚೀರುವ ಹುಡುಗ, ಜ್ವರದಿಂದ ಅಳುವ ಮಗು, ಹಾವು ಕಡಿದು ಸುಮ್ಮನೆ ಕುಳಿತ ರೈತ. ನಾನು ಮೊದಲು ಓಡುವುದು ರೈತನ ಬಳಿಗೆ. ರೆಪ್ಪೆ ಜೋತುಬಿದ್ದಿದ್ದರೆ ವಿಷ ನರಗಳಿಗೆ ತಟ್ಟಿದೆ ಎಂದರ್ಥ. ಮುಂದೆ ಉಸಿರೇ ನಿಲ್ಲಬಹುದು.

ವೈದ್ಯರನ್ನು ಕರೆದು, ಆಕ್ಸಿಜನ್, ವಿಷನಿರೋಧಕ ಚುಚ್ಚುಮದ್ದು ಸಿದ್ಧಪಡಿಸುತ್ತೇನೆ. ಅಷ್ಟರಲ್ಲಿ ಸಹೋದ್ಯೋಗಿ ಮಗುವಿನ ಜ್ವರ, ಉಸಿರು ನೋಡಿ, ಹುಡುಗನ ಕೈಗೆ ಆಸರೆ ಕಟ್ಟುತ್ತಾರೆ. ರೈತನನ್ನು ಚಿತ್ರದುರ್ಗಕ್ಕೆ ಕಳುಹಿಸಬೇಕಾದರೆ 108ಕ್ಕೆ ಕರೆ. ಕಡಿದ ಹೊತ್ತು, ಕೊಟ್ಟ ಔಷಧಿ ಚೀಟಿಯಲ್ಲಿ ಬರೆದು, ಅಲ್ಲಿಗೆ ಮೊದಲೇ ಫೋನ್.

‘ನಮ್ಮ ಹುಡುಗನನ್ನು ಯಾಕೆ ನೋಡಲಿಲ್ಲ?’ ಎಂದು ಮನೆಯವರು ರೇಗಿದರೆ, ಕಾರಣ ಹೇಳುವುದೂ ಶುಶ್ರೂಷೆಯೇ. ನರ್ಸಿಂಗ್ ಓದುವ ಗೆಳೆಯರೇ, ದನಿಯೆತ್ತದ ರೋಗಿಯತ್ತ ಮೊದಲು ಕಣ್ಣು ಹಾಯಿಸಿ.